ಪದಚರ್ಚೆ: ಸೀರಿಯಲ್ ಪೋರ್ಟ್ ‘ಪತ್ತೆಯಾಗಿಲ್ಲ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತಿಪಟೂರು ಕಡೆಯ ವೇಬ್ರಿಡ್ಜ್ ಸಿಬ್ಬಂದಿಗಾಗಿ ಬರೆಯುತ್ತಿರುವ ಕನ್ನಡ ಕೈಪಿಡಿಯಲ್ಲಿ ಎದ್ದ ಪ್ರಶ್ನೆ. ತೂಕದ ಯಂತ್ರದಿಂದ ಅಂಕಿ ಬರುವುದು 9 ಪಿನ್ನಿನ ಸೀರಿಯಲ್ ಪೋರ್ಟಿಗೆ (ಕಂಪ್ಯೂಟರಿನಲ್ಲಿ ಕೇಬಲ್ ಸಿಕ್ಕಿಸುವ ಜಾಗ); ಕೊಬ್ಬರಿ ಲೋಡಿನ ಲೆಕ್ಕ ಇಡುವ ತಂತ್ರಾಂಶ ಇರುವುದು ವರ್ಚುವಲ್ ಸರ್ವರಿನಲ್ಲಿ, ಅಂದರೆ ನಿಜವಾದ ಕಂಪ್ಯೂಟರಿನೊಳಗೆ (ಹೋಸ್ಟ್) ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಯಂತ್ರದಲ್ಲಿ. ಪೋರ್ಟ್ ‘ನಾಟ್ ಡಿಟೆಕ್ಟೆಡ್’ ಎಂದು ಬಂದಾಗ ಕನ್ನಡದಲ್ಲಿ ಏನು ಬರೆಯಬೇಕು?

‘ಪತ್ತೆಯಾಗಿಲ್ಲ’ ಎಂದರೆ ಕಳೆದದ್ದು ಎಲ್ಲೋ ಇದೆ, ಹುಡುಕಿದರೆ ಸಿಕ್ಕೀತು ಎಂಬ ಧ್ವನಿ. ಓದಿದವರು ಕೇಬಲ್ ಕಿತ್ತು ಕಿತ್ತು ಸಿಕ್ಕಿಸುತ್ತಾರೆ. ಆದರೆ ಬಹಳ ಸಲ ಆ ವರ್ಚುವಲ್ ಯಂತ್ರಕ್ಕೆ ಪೋರ್ಟನ್ನು ಕೊಟ್ಟೇ ಇರುವುದಿಲ್ಲ. ಲಿನಕ್ಸಿನಲ್ಲಿ ಟಿಟಿವೈಎಸ್0, ಟಿಟಿವೈಎಸ್1 ಎಂಬ ಸೀರಿಯಲ್ ಪೋರ್ಟಿನ ಹೆಸರುಗಳು ಯಂತ್ರಾಂಶ ಇಲ್ಲದಿದ್ದರೂ ಸಾಲಾಗಿ ಕಾಣುತ್ತವೆ. ಹೆಸರಿದ್ದ ಮಾತ್ರಕ್ಕೆ ಪೋರ್ಟ್ ಇದೆ ಎಂದಲ್ಲ. ಪೋರ್ಟಿನ ವಿವರ ತೋರಿಸುವ ಸೆಟ್‌ಸೀರಿಯಲ್ ಆಜ್ಞೆ ಕೊಟ್ಟಾಗ ಯುಎಆರ್‌ಟಿ (ಪೋರ್ಟನ್ನು ನಡೆಸುವ ಚಿಪ್) ‘16550ಎ’ ಎಂದು ಬಂದರೆ ಪೋರ್ಟ್ ಇದೆ. ‘ಅನ್‌ನೋನ್’ ಎಂದು ಬಂದರೆ ಇಲ್ಲ. ಇಲ್ಲಿ ನೇರವಾಗಿ ‘ಪೋರ್ಟ್ ಇಲ್ಲ’ ಎನ್ನುವುದೇ ಸರಿ. ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶ ವಿಎಂವೇರ್ ಆದರೆ ಆ ವರ್ಚುವಲ್ ಯಂತ್ರವನ್ನು ಪೂರ್ತಿ ಆಫ್ ಮಾಡಿ ಪೋರ್ಟ್ ಸೇರಿಸಬೇಕು, ಬರೀ ರೀಬೂಟ್ ಸಾಲದು.

ಇನ್ನೊಂದು ಸ್ಥಿತಿಯಲ್ಲಿ ಪೋರ್ಟ್ ಇರುತ್ತದೆ, ಬೇರೆ ಯಾರೋ ಹಿಡಿದಿರುತ್ತಾರೆ: ಹೋಸ್ಟಿನ ಕನ್ಸೋಲ್ ಲಾಗಿನ್, ಇಲ್ಲವೇ ಬಯಾಸ್‌ನ ಸೀರಿಯಲ್ ಓವರ್ ಲ್ಯಾನ್ (ಸೀರಿಯಲ್ ಪೋರ್ಟಿನ ಮಾತನ್ನು ನೆಟ್‌ವರ್ಕಿನ ಮೂಲಕ ಕಳಿಸುವ ಸೌಲಭ್ಯ). ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಬಳಕೆದಾರ ‘ಡಯಲ್‌ಔಟ್’ ಗುಂಪಿನಲ್ಲಿ ಇಲ್ಲದಿದ್ದರೂ ಅನುಮತಿ ಸಿಗದು. ಇದಕ್ಕೆ ‘ಪೋರ್ಟ್ ಸಿಗುತ್ತಿಲ್ಲ’ ಎನ್ನಬೇಕು.

ಪೋರ್ಟ್ ತೆರೆದರೂ ಅಂಕಿ ಬಾರದಿದ್ದರೆ, ಅಥವಾ ಕಲಸಿಹೋದ ಅಕ್ಷರ ಬಂದರೆ, ಬಾಡ್ ರೇಟ್ (ಅಂಕಿ ಕಳಿಸುವ ವೇಗ) ಎರಡೂ ಕಡೆ ಒಂದೇ ಇದೆಯೇ, 2 ಮತ್ತು 3ನೇ ಪಿನ್ ಅದಲುಬದಲಾಗಿವೆಯೇ ನೋಡಬೇಕು. ಕೇಬಲ್ ಮುಟ್ಟಬೇಕಾದದ್ದು ಇಲ್ಲಿ ಮಾತ್ರ. ಇದಕ್ಕೆ ‘ಅಂಕಿ ಬರುತ್ತಿಲ್ಲ’ ಎಂದರೆ ಸಾಕೆಂದು ನನ್ನ ಭಾವನೆ.

ಇಂಗ್ಲಿಷಿನ ಒಂದೇ ಮಾತು ಮುಚ್ಚಿಡುವ ಮೂರು ಕಾಯಿಲೆಗಳನ್ನು ನಮ್ಮ ಆಡುಮಾತು ಬಿಡಿಸಿ ಹೇಳುತ್ತದೆ. ಅದನ್ನು ಬಿಟ್ಟು ಒಂದೇ ಪದಕ್ಕೆ ಕಟ್ಟುಬೀಳುವುದು ಬೇಡ.

‘ಪೋರ್ಟ್’ಗೆ ಕೆಲವರು ‘ಬಂದರು’ ಎಂದು ಬರೆದದ್ದುಂಟು. ಅದು ತಪ್ಪು. ಹಡಗಿನ ಪೋರ್ಟ್ ಲ್ಯಾಟಿನ್ನಿನ ‘ಪೋರ್ಟುಸ್’ನಿಂದ, ಕಂಪ್ಯೂಟರಿನದು ಬಾಗಿಲು ಎಂಬರ್ಥದ ‘ಪೋರ್ಟ’ದಿಂದ ಬಂದದ್ದು. ಬೆಳಕಿಂಡಿ ಗೊತ್ತಿರುವ ನಮ್ಮ ಕಡೆಗೆ ‘ಕಿಂಡಿ’ ಹತ್ತಿರದ್ದು. ಆದರೂ ಸಿಬ್ಬಂದಿಯ ಬಾಯಲ್ಲಿರುವ ‘ಪೋರ್ಟ್’ ಅನ್ನೇ ಉಳಿಸಿದ್ದೇನೆ.

ಮೊದಲೆರಡರ ಭೇದ, ‘ಇಲ್ಲ’ ಮತ್ತು ‘ಸಿಗುತ್ತಿಲ್ಲ’, ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೂ ಇಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.