ಮುಂದಿನ ಎಡ ಚಕ್ರ ಕೀಂಯ್ ಅಂತಿದೆ, ಮನೇಲೇ ಬಿಚ್ಚಬಹುದಾ? ಅನುಭವ ಇರೋರು ಹೇಳಿ

ಹಾಸನದ ಹ್ಯಾಚ್‌ಬ್ಯಾಕ್:
ಕಾರಿಗೆ ಎಂಟು ವರ್ಷ, 62,000 ಕಿ.ಮೀ. ಆಗಿದೆ. ಎರಡು ವಾರದಿಂದ ಮುಂದಿನ ಎಡ ಚಕ್ರದಲ್ಲಿ ಕೀಂಯ್ ಅನ್ನೋ ಸದ್ದು. ಬ್ರೇಕ್ ಒತ್ತಿದ್ರೆ ನಿಲ್ಲುತ್ತೆ, ಬಿಟ್ರೆ ಮತ್ತೆ ಶುರು. ಗ್ಯಾರೇಜಿನವರು ಚಕ್ರ ಬಿಚ್ಚದೆ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ "ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇದೆ ಸಾರ್, ಬರೀ ಧೂಳು" ಅಂದ್ರು. ಮಗಳನ್ನ ಸ್ಕೂಲಿಗೆ ಬಿಡೋಕೆ ಹೋದ್ರೆ ಗೇಟಲ್ಲಿ ಎಲ್ಲರೂ ತಿರುಗಿ ನೋಡ್ತಾರೆ. ಜಾಕು, ಸ್ಪ್ಯಾನರ್ ಸೆಟ್ ಇದೆ. ಮನೇಲೇ ಮಾಡಿದೋರು ಇದೀರಾ?

ಜೆ.ಸಿ. ರೋಡ್ ಭಕ್ತ:
ನಾನಿದೀನಿ. ನನ್ನ ಕಾರಿಗೆ ಒಂದು ದೊಡ್ಡ ವರ್ಕ್‌ಶಾಪಲ್ಲಿ ಕೊಟ್ಟ ಎಸ್ಟಿಮೇಟ್ 11,460 ರೂ. ಎರಡು ಡಿಸ್ಕು (ಚಕ್ರದ ಜೊತೆ ತಿರುಗೋ ಬಿಲ್ಲೆ), ಅದನ್ನ ಒತ್ತಿ ಹಿಡಿಯೋ ಪ್ಯಾಡು, ಲೇಬರ್, ಅದರ ಮೇಲೆ "ಬ್ರೇಕ್ ಕ್ಲೀನಿಂಗ್" ಅಂತ 650, "ಕನ್ಸ್ಯೂಮಬಲ್ಸ್" ಅಂತ 240. ಕನ್ಸ್ಯೂಮಬಲ್ಸ್ ಅಂದ್ರೇನು ಅಂತ ಕೇಳಿದ್ದಕ್ಕೆ ಆ ಹುಡುಗ ಕೈಯಲ್ಲಿದ್ದ ಬಟ್ಟೆ ತೋರಿಸಿದ. ಎದ್ದು ಬಂದೆ.

ಬೆಂಗಳೂರಿನ ಜೆ.ಸಿ. ರೋಡಲ್ಲಿ ಮೂರು ಸ್ಪೇರ್ ಪಾರ್ಟ್ಸ್ ಅಂಗಡಿ ಅಲೆದು ಪ್ಯಾಡ್ 1,450ಕ್ಕೆ ತಂದೆ. ಸಿ-ಕ್ಲಾಂಪ್ 380, ಗ್ರೀಸ್ 150. ಭಾನುವಾರ ಬೆಳಗ್ಗೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಬಿಚ್ಚಿ, ಅದರೊಳಗಿನ ಪಿಸ್ಟನ್ನನ್ನ ಕ್ಲಾಂಪಿಂದ ಹಿಂದಕ್ಕೆ ಒತ್ತಿದ್ದೇ ತಡ, ಬಾನೆಟ್ ಒಳಗಿಂದ ಬ್ರೇಕ್ ಆಯಿಲ್ ಉಕ್ಕಿ ಫೆಂಡರ್ ಮೇಲೆ ಇಳೀತು. ಹಿಂದಿನ ಸರ್ವೀಸಲ್ಲಿ ಯಾರೋ ಪುಣ್ಯಾತ್ಮ ಕಂಠಮಟ್ಟ ತುಂಬಿಸಿದ್ದ. ನೀರು ಹಾಕಿ ತೊಳೆಯೋದು ಬಿಟ್ಟು ಒಣಬಟ್ಟೆ ಹುಡುಕ್ತಾ ಕೂತೆ, ಪೇಂಟ್ ಹಪ್ಪಳದ ಹಾಗೆ ಎದ್ದಿತು. ಟಚಪ್ 900. ಆಮೇಲೆ ಪೆಡಲ್ ಪಂಪ್ ಮಾಡೋದು ಮರೆತು ರಿವರ್ಸ್ ತೆಗೆದೆ. ಮೊದಲ ಸಲ ಒತ್ತಿದ್ದು ನೇರ ಪಾತಾಳಕ್ಕೆ. ಹ್ಯಾಂಡ್‌ಬ್ರೇಕ್ ಎಳೆದಿದ್ದಕ್ಕೆ ಎದುರು ಮನೆ ಗೇಟ್ ಉಳೀತು.

ಒಟ್ಟು 2,880. ಉಳಿತಾಯ 8,580. ಎರಡು ವರ್ಷದಿಂದ ಸದ್ದಿಲ್ಲ.

ಕಡಲ ತಡಿ:
ನಮ್ಮಲ್ಲಿ ಜೂನ್ ಬಂತೆಂದರೆ ಊರಿನ ಎಲ್ಲ ಕಾರುಗಳೂ ಬೆಳಗ್ಗೆ ಒಂದು ಸಲ ಬೊಬ್ಬೆ ಹೊಡೆಯುವುದೇ ಮಾರಾಯ್ರೆ. ರಾತ್ರಿ ಮಳೆಗೆ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂರ್ತದೆ, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗ್ತದೆ. ಅದಕ್ಕೆ ಬಿಚ್ಚುವುದು ಎಂತಕ್ಕೆ?

ನಾನು ಬಿಚ್ಚಿದೆ. ಒಂದು ವಿಡಿಯೋ ನೋಡಿ ತುಕ್ಕು ಬಿಡಿಸುವ ಸ್ಪ್ರೇಯನ್ನು ಪ್ಯಾಡಿಗೇ ಹೊಡೆದೆ. ಶಬ್ದ ಪೂರ್ತಿ ಹೋಯ್ತು. ಬ್ರೇಕೂ ಹೋಯ್ತು. ಇಳಿಜಾರಿನಲ್ಲಿ ಮುಂದಿದ್ದ ಮೀನಿನ ಟೆಂಪೋಕ್ಕೆ ಮುತ್ತು ಕೊಟ್ಟು ನಿಂತದ್ದು. ಎಣ್ಣೆ ಕುಡಿದ ಪ್ಯಾಡ್ ಎಷ್ಟು ತೊಳೆದರೂ ಪ್ರಯೋಜನ ಇಲ್ಲ, ಎಸೆಯುವುದೇ. ಹೊಸ ಪ್ಯಾಡ್ 2,100, ಬಂಪರ್ 4,300, ಟೆಂಪೋದವನಿಗೆ 500. ಆ ವಿಡಿಯೋಕ್ಕೆ ಈಗಲೂ ಲಕ್ಷಗಟ್ಟಲೆ ಜನ ನೋಡುವವರುಂಟು!

ಹುಬ್ಬಳ್ಳಿ ಹೈದ:
ಅಲ್ರೀ, ಎಲ್ಲಾರೂ ರೊಕ್ಕದ ಕಥಿನ ಹೇಳಾಕತ್ತೀರಲ್ಲ. ನಂದೂ ಹಿಂಗ ಒದರತಿತ್ತು. ಪ್ಯಾಡ್ ಕಾದು ಕಾದು ಮ್ಯಾಲೆ ಗಾಜಿನಂಗ ಮಿಂಚತಿತ್ತು. 25 ರೂಪಾಯಿ ಎಮರಿ ಪೇಪರ್ ತಂದು ಸಪಾಟ ಕಲ್ಲಿನ ಮ್ಯಾಲೆ ಇಟ್ಟು ತಿಕ್ಕಿದೆ, ಅಂಚು ಓರೆ ಮಾಡಿದೆ, ಮುಗೀತು. ಮೂರು ವಾರಕ್ಕ ಮತ್ತ ಒದರತೈತಿ, ಮತ್ತ ತಿಕ್ಕತೇನಿ. ಒಂದು ವರ್ಷದಾಗ ಪೇಪರಿಗೆ 300 ಹೋಗೇತಿ. ಪ್ಯಾಡ್ ಬದ್ಲಿ ಮಾಡೋದು ಬೆಂಗಳೂರಿನವರ ಹವ್ಯಾಸ.

ಡಿಪೋ ಮೇಸ್ತ್ರಿ:
ಬಸ್ ಡಿಪೋದಲ್ಲಿ 34 ವರ್ಷ ಬ್ರೇಕ್ ಸೆಕ್ಷನ್ನಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು. ತಿಕ್ಕಿದ ಪುಡಿ ಊದಬೇಡಿ. ನಮ್ಮ ಕಾಲದ ಲೈನರ್‌ನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಡ್ರಮ್ ಬಿಚ್ಚಿ ಏರ್ ಹೊಡೆದು ಧೂಳು ಹಾರಿಸುತ್ತಿದ್ದೆವು. ಜೊತೆಗಿದ್ದ ಇಬ್ಬರು ಕೆಮ್ಮಿ ಕೆಮ್ಮಿ ಹೋದರು. ಈಗ ಒದ್ದೆ ಬಟ್ಟೆಯಲ್ಲಿ ಒರೆಸಲು ಏನು ದಾಡಿ? ಇನ್ನೊಂದು, ಬರೀ ಜಾಕಿನ ಮೇಲೆ ನಿಲ್ಲಿಸಿ ಕಾರಿನಡಿ ತಲೆ ಹಾಕಬೇಡಿ. ಕಳಚಿದ ಚಕ್ರವನ್ನಾದರೂ ಅಡಿಗೆ ತಳ್ಳಿ.

ಜೆ.ಸಿ. ರೋಡ್‌ನವರೇ, ಕ್ಯಾಲಿಪರ್ ಜಾರುವ ಪಿನ್ನಿಗೆ ಹಾಕಿದ್ದು ಯಾವ ಗ್ರೀಸು?

ಜೆ.ಸಿ. ರೋಡ್ ಭಕ್ತ:
ಬೇರಿಂಗ್ ಗ್ರೀಸ್. ಗ್ರೀಸ್ ಗ್ರೀಸೇ.

ಡಿಪೋ ಮೇಸ್ತ್ರಿ:
ಅಲ್ಲ. ಅದು ಪಿನ್ನಿನ ರಬ್ಬರ್ ಹೊದಿಕೆಯನ್ನು (ಬೂಟ್) ಊದಿಸುತ್ತದೆ, ಆಮೇಲೆ ಪಿನ್ ಹಿಡಿದುಕೊಳ್ಳುತ್ತದೆ. ಸಿಲಿಕಾನ್ ಗ್ರೀಸ್ ಹಾಕಬೇಕಿತ್ತು.

ಜೆ.ಸಿ. ರೋಡ್ ಭಕ್ತ:
ಎರಡು ವರ್ಷ ಏನೂ ಆಗಿಲ್ಲ ಸ್ವಾಮಿ. ಬಸ್ಸಿನ ಲೆಕ್ಕ ಕಾರಿಗೆ ಹಾಕಬೇಡಿ.

ಡಿಪೋ ಮೇಸ್ತ್ರಿ:
ಆ ಎರಡು ವರ್ಷದಲ್ಲಿ ಒಂದು ಸಲವಾದರೂ ಬಿಚ್ಚಿ ನೋಡಿದ್ದೀರಾ?

ಹುಬ್ಬಳ್ಳಿ ಹೈದ:
ಕಡಲ ತಡಿಯವರ, ಇಳಿಜಾರಿನ್ಯಾಗ ನೀವು ಯಾವ ಗೇರಿನ್ಯಾಗ ಇದ್ರಿ?

ಕಡಲ ತಡಿ:
ನ್ಯೂಟ್ರಲ್. ಚಾರ್ಮಾಡಿಯನ್ನೂ ಹಾಗೇ ಇಳಿಯುವುದು. ಪೆಟ್ರೋಲ್ ಉಳೀತದೆ.

ಹುಬ್ಬಳ್ಳಿ ಹೈದ:
ಅಯ್ಯ ನಮ್ಮಪ್ಪ!

ಡಿಪೋ ಮೇಸ್ತ್ರಿ:
ಘಟ್ಟವನ್ನು ನ್ಯೂಟ್ರಲ್‌ನಲ್ಲಿ ಇಳಿಸುವವರ ಜೊತೆ ನನಗೆ ಮಾತಿಲ್ಲ. ಆದರೂ ಹೇಳುತ್ತೇನೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ, ಅಂದರೆ ಎಂಜಿನ್ ಆರದೆ ತಿರುಗುತ್ತಿರಲು, ಪೆಟ್ರೋಲ್ ಬೇಕೇ ಬೇಕು. ಉಳಿಸುತ್ತಿಲ್ಲ, ಸುಡುತ್ತಿದ್ದೀರಿ. ಬ್ರೇಕನ್ನೂ ಸುಡುತ್ತಿದ್ದೀರಿ.

ಕಡಲ ತಡಿ:
ನನ್ನ ಅಪ್ಪ ಇಪ್ಪತ್ತು ವರ್ಷ ಹಾಗೇ ಇಳಿದದ್ದು.

ಜೆ.ಸಿ. ರೋಡ್ ಭಕ್ತ:
ಅವರದು ಹಳೇ ಕಾರ್ಬುರೇಟರ್ ಗಾಡಿ, ಇಂಜೆಕ್ಷನ್ ಅಲ್ಲ. ಇದೊಂದರಲ್ಲಿ ಮೇಸ್ತ್ರಿ ಹೇಳಿದ್ದು ಸರಿ. ಇದೊಂದರಲ್ಲಿ ಮಾತ್ರ.

ಮೈಸೂರ್ ಮೇಡಂ:
ಪ್ರಶ್ನೆ ಕೇಳಿದವರು ಬರೆದಿದ್ದನ್ನ ಯಾರಾದ್ರೂ ಓದಿದ್ರಾ? ಬ್ರೇಕ್ ಒತ್ತಿದಾಗ ಸದ್ದು ನಿಲ್ಲುತ್ತೆ ಅಂದಿದ್ದಾರೆ. ನಮ್ಮ ಯಜಮಾನರ ಕಾರಲ್ಲೂ ಹೀಗೇ ಆಗಿತ್ತು. ಪ್ಯಾಡ್ ಸವೆದಾಗ ಎಚ್ಚರಿಸೋಕೆ ಒಂದು ತಗಡಿನ ನಾಲಿಗೆ ಇರುತ್ತಲ್ಲ, ಅದು ಡಿಸ್ಕಿಗೆ ತಾಗ್ತಾ ಇತ್ತು. ಹೊರಗಿಂದ ಕಾಣೋದು ಹೊರಗಿನ ಪ್ಯಾಡ್ ಮಾತ್ರ. ಹತ್ತು ಕಿ.ಮೀ. ಓಡಿಸಿ ಎರಡೂ ಮುಂದಿನ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಬಿಸಿ ಜಾಸ್ತಿ ಇದ್ರೆ ಅಲ್ಲಿ ಬ್ರೇಕ್ ಬಿಡ್ತಾ ಇಲ್ಲ. ನಮ್ಮೋರು ಕೈ ಹಿಡಿಯದೆ ಮೂರು ತಿಂಗಳು ಟೇಪ್‌ರೆಕಾರ್ಡರ್ ವಾಲ್ಯೂಮ್ ಜಾಸ್ತಿ ಮಾಡಿದ್ರು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೂ ಹೋಯ್ತು, 6,200.

ಹುಬ್ಬಳ್ಳಿ ಹೈದ:
ಟೇಪ್‌ರೆಕಾರ್ಡರ್ ಇನ್ನೂ ಐತೇನ್ರೀ ಕಾರಿನ್ಯಾಗ?

ಹಾಸನದ ಹ್ಯಾಚ್‌ಬ್ಯಾಕ್:
ಬಿಚ್ಚಿದೆ. ಮೇಡಂ ಹೇಳಿದ ಹಾಗೆ ಎಡಗಡೆ ಕಾವು ಜಾಸ್ತಿ ಇತ್ತು. ಹೊರಗಿನ ಪ್ಯಾಡ್ 6 ಮಿ.ಮೀ., ಒಳಗಿನದು 2 ಕೂಡ ಇಲ್ಲ. ಕೆಳಗಿನ ಪಿನ್ ಕದಲ್ತಾನೇ ಇರಲಿಲ್ಲ, ರಬ್ಬರ್ ಬೂಟ್ ಊದಿ ಒಳಗೆ ಕಪ್ಪು ಗ್ರೀಸ್ ಅಂಟಿನ ಹಾಗೆ ಗಟ್ಟಿಯಾಗಿತ್ತು. ಕ್ಯಾಲಿಪರ್ ಜಾರದೆ ಪಿಸ್ಟನ್ ಒಳಗಿನ ಪ್ಯಾಡನ್ನೇ ತಿಂದಿದೆ. ಡಿಸ್ಕಿಗೆ ಗೀರು ಬಿದ್ದಿಲ್ಲ, ಬಚಾವ್. ಎರಡೂ ಚಕ್ರಕ್ಕೆ ಪ್ಯಾಡ್ 1,620, ಬೂಟ್ ಮತ್ತು ಪಿನ್ 340, ಸಿಲಿಕಾನ್ ಗ್ರೀಸ್ 120. ಪಿಸ್ಟನ್ ಒತ್ತೋ ಮುಂಚೆ ಸಿರಿಂಜಲ್ಲಿ ಆಯಿಲ್ ತೆಗೆದೆ, ಪೆಡಲ್ ಗಟ್ಟಿ ಆಗೋವರೆಗೂ ಪಂಪ್ ಮಾಡಿದೆ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೇಲಿ ವೇಗವನ್ನ 60ರಿಂದ 20ಕ್ಕೆ ಹತ್ತು ಸಲ ಇಳಿಸಿದೆ. ನಾಲ್ಕೂವರೆ ಗಂಟೆ ಹಿಡೀತು, ಸೊಂಟ ಹೋಯ್ತು, ಸದ್ದೂ ಹೋಯ್ತು. ಎಲ್ಲರಿಗೂ ಥ್ಯಾಂಕ್ಸ್.

ಹುಬ್ಬಳ್ಳಿ ಹೈದ:
ಹೊರಗಿನ ಪ್ಯಾಡ್ 6 ಇತ್ತಲ್ರೀ! ಒಗದ್ರೇನು?

ಡಿಪೋ ಮೇಸ್ತ್ರಿ:
ಕಪ್ಪು ಗ್ರೀಸ್. ಊದಿದ ಬೂಟ್. ಜೆ.ಸಿ. ರೋಡ್‌ನವರು ಓದಿದರೇ?

ಕಡಲ ತಡಿ:
ಐಡ್ಲಿಂಗಿಗೆ ಗಂಟೆಗೆ ಎಷ್ಟು ಪೆಟ್ರೋಲ್ ಹೋಗ್ತದೆಂದು ಯಾರೂ ಹೇಳಲಿಲ್ಲ. ಸುಮ್ಮನೆ ಬೈಯುವುದು ಮಾತ್ರ.

ಜೆ.ಸಿ. ರೋಡ್ ಭಕ್ತ:
ಇವತ್ತು ಬಿಚ್ಚಿ ನೋಡಿದೆ. ಒಂದು ಬೂಟ್ ಊದಿದೆ. ಒಂದೇ. ಹೊಸದಕ್ಕೆ 180. ಉಳಿತಾಯ ಈಗಲೂ 8,400.