ಮೊದಲು ಔಷಧಿ, ಆಮೇಲೆ ಸಲೈನ್: ಎರಡೂ ಒಂದೇ ಸಿರಿಂಜಿನಲ್ಲಿ ಬಂದರೆ ನಮ್ಮ ಕಷ್ಟ ತಪ್ಪುತ್ತದಾ?

ಕೇಳಿದವರು: ವಿಜಯನಗರದಿಂದ ಒಬ್ಬ ಮಗಳು

ನಮ್ಮ ಅಪ್ಪನಿಗೆ ಕಾಲಿನ ಮೂಳೆಗೆ ಸೋಂಕಾಗಿದೆ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ಒಟ್ಟು 6 ವಾರ ಮೆರೊಪೆನೆಮ್ ಅನ್ನುವ ಆ್ಯಂಟಿಬಯೋಟಿಕ್ ಹೋಗಬೇಕಂತೆ, 8 ಗಂಟೆಗೊಮ್ಮೆ 1 ಗ್ರಾಂ. ತೋಳಿಗೆ ಪಿಕ್ ಲೈನ್ (ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ಪೈಪು) ಹಾಕಿ ಕಳಿಸಿದ್ದಾರೆ. ಬೆಳಿಗ್ಗೆ 6 ಮತ್ತು ಮಧ್ಯಾಹ್ನ 2ರ ಡೋಸ್‌ಗೆ ಸಿಸ್ಟರ್ ಬರುತ್ತಾರೆ. ರಾತ್ರಿ 10ರದ್ದು ನನ್ನ ಪಾಲು. ಆಸ್ಪತ್ರೆಯಲ್ಲಿ ಎರಡು ದಿನ ಕೂರಿಸಿಕೊಂಡು ಹೇಳಿಕೊಟ್ಟರು.

ಕಷ್ಟ ಇರುವುದು ಸಿರಿಂಜುಗಳ ಲೆಕ್ಕದಲ್ಲಿ. ಮೊದಲು ಸಲೈನ್, ಆಮೇಲೆ ಔಷಧಿ, ಮತ್ತೆ ಸಲೈನ್. ಮೂರೂ ಹೆಚ್ಚುಕಡಿಮೆ ನೀರಿನ ಹಾಗೇ ಕಾಣುತ್ತವೆ. ಹೋದ ಗುರುವಾರ ಔಷಧಿ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಮಗು ಅಳಲು ಶುರುಮಾಡಿತು. ಎದ್ದು ಹೋದವಳು ಕೊನೆಯ ಸಲೈನ್ ಹಾಕುವುದನ್ನೇ ಮರೆತೆ. ಬೆಳಿಗ್ಗೆ ಸಿಸ್ಟರ್ ಬಂದು ನೋಡಿದರೆ ಲೈನ್ ಕಟ್ಟಿಕೊಂಡಿದೆ. ಆಸ್ಪತ್ರೆಗೆ ಹೋಗಿ ಅರ್ಧ ದಿನ ಕಾದು ಸರಿ ಮಾಡಿಸಿಕೊಂಡು ಬಂದೆವು. ಅಪ್ಪ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಹೊರದೇಶದಲ್ಲಿರುವ ಚಿಕ್ಕಮ್ಮನ ಮಗ ಒಂದು ವಿಷಯ ಹೇಳಿದ. ಒಂದೇ ಸಿರಿಂಜಿನಲ್ಲಿ ಎರಡು ಕೋಣೆ ಇರುತ್ತದಂತೆ. ಒಂದೇ ಸಲ ತಳ್ಳಿಕೊಂಡು ಹೋದರೆ ಮೊದಲು ಔಷಧಿ ಹೋಗಿ, ಹಿಂದೆಯೇ ಸಲೈನ್ ಹೋಗುತ್ತದಂತೆ. ಯಾರಾದರೂ ಬಳಸಿದ್ದೀರಾ? ಬೆಂಗಳೂರಿನಲ್ಲಿ ಸಿಗುತ್ತದಾ? ಸಿಗದಿದ್ದರೆ ಮರೆಯದ ಹಾಗೆ ನೀವೆಲ್ಲ ಏನು ಮಾಡುತ್ತೀರಿ?

ರಾಜಾಜಿನಗರ, ನಿವೃತ್ತ ನರ್ಸ್

ನೋಡಮ್ಮ, ಮೊದಲು ಮನಸ್ಸಿನಿಂದ ಆ ಗುರುವಾರ ತೆಗೆದುಹಾಕು. ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವರೂ ಫ್ಲಶ್, ಅಂದರೆ ಲೈನ್ ತೊಳೆಯುವ ಸಲೈನ್, ಮರೆತದ್ದನ್ನು ನೋಡಿದ್ದೇನೆ. ನಾನೂ ಮರೆತಿದ್ದೇನೆ.

ಮೂರು ಸಿರಿಂಜು ಯಾಕೆ ಅಂತ ಗೊತ್ತಾದರೆ ಮರೆಯುವುದು ಕಡಿಮೆಯಾಗುತ್ತದೆ. ಮೊದಲನೆಯದು ದಾರಿ ಸಲೀಸಾಗಿದೆಯಾ ಅಂತ ನೋಡುವುದಕ್ಕೆ. ಹಿಂದಿನ ಔಷಧಿಯ ಉಳಿಕೆ ತೊಳೆಯುವುದಕ್ಕೂ ಹೌದು. ಕೆಲವು ಔಷಧಿಗಳು ಒಂದಕ್ಕೊಂದು ಆಗುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಗ್ಲೂಕೋಸ್ ಡ್ರಿಪ್ಪಿಗೆ ಸೇರಿದರೆ ಹರಳುಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಹೋಗುವ ಲೈನಿಗೆ ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಸೇರಿದರೂ ಗಸಿ ಕೂರುತ್ತದೆ. ಕೊನೆಯ ಸಲೈನ್ ಪೈಪಿನಲ್ಲಿ ಉಳಿದ ಔಷಧಿಯನ್ನು ಒಳಗೆ ಕಳಿಸುತ್ತದೆ. ರಕ್ತ ಹಿಂದಕ್ಕೆ ಬಂದು ಹೆಪ್ಪುಗಟ್ಟದ ಹಾಗೂ ನೋಡಿಕೊಳ್ಳುತ್ತದೆ. ನಿಮ್ಮ ಲೈನ್ ಕಟ್ಟಿಕೊಂಡದ್ದು ಬಹುಶಃ ಹೀಗೇ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಔಷಧಿಯ ಸಿರಿಂಜು ಖಾಲಿಯಾದಾಗ ಔಷಧಿ ಮುಗಿದಿರುವುದಿಲ್ಲ. ಸ್ವಲ್ಪ ಇನ್ನೂ ಪೈಪಿನೊಳಗೇ ಇರುತ್ತದೆ. ನೀನು ಮೆರೊಪೆನೆಮ್ಮನ್ನು ಗಡಿಯಾರ ನೋಡಿಕೊಂಡು 5 ನಿಮಿಷ ನಿಧಾನವಾಗಿ ಕೊಟ್ಟು, ಆಮೇಲೆ ಸಲೈನನ್ನು ಜೋರಾಗಿ ತಳ್ಳಿದರೆ ಆ ಉಳಿದ ಔಷಧಿ ಒಂದೇ ಏಟಿಗೆ ಒಳಗೆ ಹೋಗುತ್ತದೆ. ಹಾಗಾಗಿ ಸಲೈನಿನ ಮೊದಲ ಭಾಗವನ್ನು ಔಷಧಿ ಹೋದಷ್ಟೇ ನಿಧಾನವಾಗಿ ಕೊಡಬೇಕು. ಆಮೇಲೆ ಬೇಕಾದರೆ ತಳ್ಳು, ನಿಲ್ಲಿಸು, ತಳ್ಳು, ನಿಲ್ಲಿಸು. ಹಾಗೆ ಮಾಡಿದರೆ ಒಳಗೆ ಸುಳಿ ಎದ್ದು ಪೈಪಿನ ಗೋಡೆ ಚೆನ್ನಾಗಿ ತೊಳೆಯುತ್ತದೆ.

10 ಎಂಎಲ್ ಸಿರಿಂಜಿಗಿಂತ ಚಿಕ್ಕದನ್ನು ಪಿಕ್ ಲೈನಿಗೆ ಹಾಕಬೇಡ. ಸಿರಿಂಜು ಸಣ್ಣದಾದಷ್ಟೂ ಅದೇ ಹೆಬ್ಬೆರಳಿನ ಬಲಕ್ಕೆ ಒತ್ತಡ ಜಾಸ್ತಿ. ಲೈನ್ ಸೀಳಿಹೋಗಬಹುದು. ಬಿಗಿ ಅನ್ನಿಸಿದರೆ ತಳ್ಳಲೇಬೇಡ, ಆಸ್ಪತ್ರೆಗೆ ಫೋನ್ ಮಾಡು. ನಾನು ಏನೇ ಹೇಳಿದರೂ ನಿನಗೆ ಬರೆದುಕೊಟ್ಟ ಹಾಳೆಯಲ್ಲಿ ಬೇರೆ ಇದ್ದರೆ ಆ ಹಾಳೆಯೇ ಸರಿ.

ಜಯನಗರ, ಅತ್ತೆಯನ್ನು ನೋಡಿಕೊಂಡ ಸೊಸೆ

ಹೋದ ವರ್ಷ ನಾನೂ ಇದನ್ನೇ ಹುಡುಕಿದ್ದೆ. ನಾಲ್ಕನೇ ಬ್ಲಾಕಿನಲ್ಲಿ ಎರಡು ಕಡೆ, ವಿಕ್ಟೋರಿಯಾ ಆಸ್ಪತ್ರೆ ಕಡೆಯ ಸರ್ಜಿಕಲ್ ಅಂಗಡಿಗಳಲ್ಲಿ ಮೂರು ಕಡೆ ಕೇಳಿದೆ. ಎಲ್ಲೂ ಇರಲಿಲ್ಲ. ಒಬ್ಬರು ಇನ್ಸುಲಿನ್ ಪೆನ್ ತಂದು ತೋರಿಸಿದರು! ಆದರೆ ಸಲೈನ್ ತುಂಬಿಯೇ ಬರುವ 10 ಎಂಎಲ್ ಸಿರಿಂಜು ತರಿಸಿಕೊಟ್ಟರು. ಅದರಿಂದಲೇ ಅರ್ಧ ತಲೆನೋವು ಹೋಯಿತು. ಅದರ ಮೇಲೆ ಹೆಸರು ಅಚ್ಚಾಗಿರುತ್ತದೆ, ಔಷಧಿ ಸಿರಿಂಜಿನ ಜೊತೆ ಅದಲುಬದಲಾಗುವ ಮಾತೇ ಇಲ್ಲ. ಮುಚ್ಚಳ ತೆಗೆಯುವ ಮೊದಲು ಒಂದು ಸಲ ಸ್ವಲ್ಪ ತಳ್ಳಿ ಒಳಗಿನ ರಬ್ಬರಿನ ಹಿಡಿತ ಬಿಡಿಸಬೇಕು. ಇಲ್ಲದಿದ್ದರೆ ಲೈನಿಗೆ ಹಾಕಿದ ಮೇಲೆ ಜರ್ಕ್ ಹೊಡೆಯುತ್ತದೆ.

ಪೀಣ್ಯ, ವೈದ್ಯಕೀಯ ಸಾಧನಗಳ ಡಿಸೈನ್ ಕೆಲಸ

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ ಮೇಡಂ. ಇಂಥ ಸಿರಿಂಜು ಹೇಗಿರುತ್ತದೆ ಅಂತ ಹೇಳುತ್ತೇನೆ, ಬೇಕೋ ಬೇಡವೋ ನೀವೇ ನೋಡಿ.

ಒಂದೇ ಕೊಳವೆ. ನಡುವೆ, ತಳ್ಳುವ ಕಡ್ಡಿಗೆ ಅಂಟದೆ ತಾನಾಗಿ ಜಾರುವ ಒಂದು ರಬ್ಬರ್ ಬಿರಡೆ. ಅದರ ಮುಂದೆ ಔಷಧಿ, ಹಿಂದೆ ಸಲೈನ್. ನೀವು ಹಿಂದಿನಿಂದ ತಳ್ಳಿದರೆ ಸಲೈನ್ ಕುಗ್ಗುವುದಿಲ್ಲ, ನಡುವಿನ ಬಿರಡೆಯನ್ನು ಮುಂದಕ್ಕೆ ನೂಕುತ್ತದೆ. ರಶ್ ಇರುವ ಬಿಎಂಟಿಸಿ ಬಸ್ಸಿನಲ್ಲಿ ಹಿಂದಿನವರು ನೂಕಿದರೆ ಬಾಗಿಲ ಹತ್ತಿರ ಇದ್ದವರು ಮೊದಲು ಇಳಿಯುತ್ತಾರಲ್ಲ, ಹಾಗೆ ಔಷಧಿ ಮೊದಲು ಇಳಿಯುತ್ತದೆ. ಬಿರಡೆ ಮೂತಿಗೆ ಬಂದು ತಾಗಿದಾಗ ಅದರ ಪಕ್ಕದಲ್ಲಿ ಒಂದು ಸಣ್ಣ ಕಾಲುವೆ ಅಥವಾ ವಾಲ್ವ್ ತೆರೆದುಕೊಳ್ಳುತ್ತದೆ. ಆಗ ಹಿಂದಿದ್ದ ಸಲೈನ್ ಹೊರಗೆ. ಲೈನನ್ನು ಒಂದು ಸಲ ಬಿಚ್ಚಿ ಹಾಕುವುದು ತಪ್ಪಿತು. ಬಿಚ್ಚಿದಷ್ಟು ಸಲವೂ ಕ್ರಿಮಿ ಹೋಗುವ ದಾರಿ ತೆರೆದ ಹಾಗೆ, ಅದಕ್ಕೇ ಈ ಆಸೆ.

ಕಾಗದದ ಮೇಲೆ ಚೆಂದ. ಕೈಯಲ್ಲಿ ಬೇರೆ. ನಾವೊಂದು ಮಾದರಿ ಮಾಡಿ ನೋಡಿದ್ದೆವು. ಎರಡು ದ್ರವದ ನಡುವೆ ಒಂದು ಗಾಳಿ ಗುಳ್ಳೆ ಉಳಿದರೆ ಸಾಕು, ಗಾಳಿ ಕುಗ್ಗುತ್ತದೆ, ಬಿರಡೆ ತಡವಾಗಿ ಹೊರಡುತ್ತದೆ. ಬಿರಡೆ ಸ್ವಲ್ಪ ಸಡಿಲವಾದರೆ ಸಲೈನ್ ಮೊದಲೇ ನುಸುಳಿ ಔಷಧಿಗೆ ಬೆರೆಯುತ್ತದೆ. ಎರಡೂ ಹೆಚ್ಚುಕಡಿಮೆ ಬಣ್ಣವಿಲ್ಲದವು, ಬೆರೆತದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ನಾವು ಪರೀಕ್ಷೆಗೆ ಮುಂದಿನ ಕೋಣೆಗೆ ಕುಂಕುಮದ ನೀರು ಹಾಕುತ್ತಿದ್ದೆವು, ನಗಬೇಡಿ.

ನಿಮ್ಮ ವಿಷಯದಲ್ಲಿ ದೊಡ್ಡ ತೊಡಕು ಬೇರೆಯೇ ಇದೆ. ಮೆರೊಪೆನೆಮ್ ಪುಡಿ. ನೀರು ಸೇರಿಸಿದ ಮೇಲೆ ಜಾಸ್ತಿ ಹೊತ್ತು ಇಡುವ ಹಾಗಿಲ್ಲ. ಹಾಗಾಗಿ ಕಾರ್ಖಾನೆಯಲ್ಲೇ ಕರಗಿಸಿ ತುಂಬಿ ಕಳಿಸುವುದು ಆಗದ ಮಾತು, ರಾತ್ರಿ 10ಕ್ಕೆ ಆ ಮುಂದಿನ ಕೋಣೆಯನ್ನು ನೀವೇ ತುಂಬಬೇಕು. ಅಳತೆಯೂ ಸಣ್ಣದಲ್ಲ: 1 ಗ್ರಾಂ ಅಂದರೆ 20 ಎಂಎಲ್, ಹಿಂದೆ ಸಲೈನ್ 10. ಒಟ್ಟು 30 ಎಂಎಲ್ ಕೊಳವೆಯನ್ನು ಒಂದೇ ಹೆಬ್ಬೆರಳಿನಲ್ಲಿ 5 ನಿಮಿಷ ಸಮನಾಗಿ ತಳ್ಳಿ ನೋಡಿ. ಜೊತೆಗೆ, ರಾಜಾಜಿನಗರದ ಸಿಸ್ಟರ್ ಹೇಳಿದ ಮೊದಲನೇ ಸಲೈನ್ ಇದರಲ್ಲಿ ಬರುವುದೇ ಇಲ್ಲ. ಅದಕ್ಕೆ ಬೇರೆ ಸಿರಿಂಜು ಬೇಕೇ ಬೇಕು.

ಮತ್ತೆ ವಿಜಯನಗರದಿಂದ

ಅಯ್ಯೋ, 20 ಎಂಎಲ್ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ಪಕ್ಕದ ಮನೆ ಅಂಕಲ್‌ಗೆ ಪ್ರಾಸ್ಟೇಟ್ ಕ್ಯಾನ್ಸರ್. ಅವರಿಗೆ ಕೊಡುವ ಇಂಜೆಕ್ಷನ್ನಿನಲ್ಲಿ ಪುಡಿಯೂ ನೀರೂ ಒಂದೇ ಸಿರಿಂಜಿನಲ್ಲಿ ಇತ್ತು, ನಾನೇ ನೋಡಿದೆ. ಹಾಗಿದ್ದರೆ ಅದು?

ಪೀಣ್ಯ

ಅದು ಲ್ಯೂಪ್ರೊಲೈಡ್ ಇರಬೇಕು. ಅಲ್ಲೂ ಎರಡು ಕೋಣೆ, ಅಲ್ಲೂ ಜಾರುವ ಬಿರಡೆ. ಆದರೆ ಕೆಲಸ ತಲೆಕೆಳಗು. ಕೊಳವೆಯ ಗೋಡೆಯಲ್ಲಿ ಒಂದು ಉಬ್ಬು ಇರುತ್ತದೆ. ಬಿರಡೆ ಅಲ್ಲಿಗೆ ಬಂದಾಗ ನೀರು ಆ ಉಬ್ಬಿನ ಮೂಲಕ ಸುತ್ತಿಕೊಂಡು ಪುಡಿಯ ಕಡೆಗೆ ಹೋಗಿ ಬೆರೆಯುತ್ತದೆ. ಕೊಡುವುದು ಬೆರೆತ ಮೇಲೆ, ಮಾಂಸಖಂಡಕ್ಕೆ. ಒಳಗೆ ಬೆರೆಸುವುದಕ್ಕೆ ಎರಡು ಕೋಣೆ ಮಾಡುವುದು ಒಂದು ಜಾತಿ, ಬೆರೆಯದ ಹಾಗೆ ಒಂದರ ಹಿಂದೆ ಒಂದು ಕಳಿಸುವುದು ಇನ್ನೊಂದು ಜಾತಿ. ಹಾರ್ಡ್‌ವೇರ್ ಅಂಗಡಿಯ ಎರಡು ಕೊಳವೆಯ ಎಪಾಕ್ಸಿ ಗಮ್ ಮೂರನೇ ಜಾತಿ. ಎರಡೂ ಒಟ್ಟಿಗೇ ಹೊರಗೆ ಬರುತ್ತವೆ.

ಬನಶಂಕರಿ, ಸಿ.ಟಿ. ಸ್ಕ್ಯಾನ್ ಟೆಕ್ನಿಷಿಯನ್

ಒಂದರ ಹಿಂದೆ ಒಂದು ಕಳಿಸುವುದು ನಮ್ಮ ದಿನನಿತ್ಯದ ಕೆಲಸ. ಆದರೆ ಅದನ್ನು ಒಂದೇ ಸಿರಿಂಜಿನಲ್ಲಿ ಮಾಡುವುದಿಲ್ಲ. ಇಂಜೆಕ್ಟರ್ ಮೆಷೀನಿಗೆ ಎರಡು ತಲೆ. ಒಂದರಲ್ಲಿ ಅಯೋಡಿನ್ ಇರುವ ಕಾಂಟ್ರಾಸ್ಟ್ (ಚಿತ್ರದಲ್ಲಿ ರಕ್ತನಾಳ ಎದ್ದು ಕಾಣಿಸುವ ಔಷಧಿ), ಇನ್ನೊಂದರಲ್ಲಿ ಸಲೈನ್. ಹೃದಯದ ರಕ್ತನಾಳದ ಸ್ಕ್ಯಾನ್ (ಆಂಜಿಯೋ) ಆದರೆ ಸೆಕೆಂಡಿಗೆ 4-5 ಎಂಎಲ್ ಹೋಗುತ್ತದೆ. ಅದಕ್ಕೆ ರಕ್ತನಾಳಕ್ಕೆ ಹಾಕುವ ಕೊಳವೆ, ಅಂದರೆ ಕ್ಯಾನುಲಾ, 18 ಗೇಜಿನ ಹಸಿರು ಅಥವಾ 20ರ ಪಿಂಕ್ ಕೇಳುತ್ತೇವೆ. ಕಾಂಟ್ರಾಸ್ಟ್ ಮುಗಿದ ತಕ್ಷಣ ಸಲೈನ್ ಹಿಂದಿನಿಂದ ಬಂದು ತೋಳಿನ ರಕ್ತನಾಳದಲ್ಲಿ ನಿಂತದ್ದನ್ನೆಲ್ಲ ಹೃದಯದ ಕಡೆಗೆ ನೂಕುತ್ತದೆ. ಇಲ್ಲದಿದ್ದರೆ ಆ ಔಷಧಿ ಸುಮ್ನೆ ತೋಳಿನಲ್ಲೇ ಉಳಿದು ಚಿತ್ರದಲ್ಲಿ ಗೆರೆಗೆರೆ ಬರುತ್ತದೆ.

ಅಪ್ಪನಿಗೆ ಮುಂದೆ ಸ್ಕ್ಯಾನ್ ಮಾಡಿಸುವುದಿದ್ದರೆ ಒಂದು ಮಾತು: ಎಲ್ಲ ಪಿಕ್ ಲೈನಿಗೂ ನಮ್ಮ ಮೆಷೀನ್ ಜೋಡಿಸುವ ಹಾಗಿಲ್ಲ. ಅಷ್ಟು ಒತ್ತಡ ತಡೆಯುತ್ತದೆ ಅಂತ ಲೈನಿನ ಮೇಲೇ ಬರೆದಿರಬೇಕು. ಮೊದಲೇ ಕೇಳಿ.

ಕೆಂಗೇರಿ, ಐಸಿಯು ಬ್ರದರ್

ನಮ್ಮಲ್ಲಿ ಸಲೈನ್ ಸ್ವಲ್ಪ ತಡವಾದರೂ ಔಷಧಿ ದಂಡವಾಗುವ ಕೇಸ್ ಒಂದಿದೆ, ಅಡೆನೋಸಿನ್. ಎದೆಬಡಿತ ನಿಮಿಷಕ್ಕೆ 180-200 ಓಡುತ್ತಿರುವವರಿಗೆ ಕೊಡುತ್ತಾರೆ. ಮೊದಲು 6 ಮಿಲಿಗ್ರಾಂ, ಕೇಳದಿದ್ದರೆ 12. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕರಗಲು ಬೇಕಾದ ಹೊತ್ತು, 10 ಸೆಕೆಂಡೂ ಇಲ್ಲ. ಹೃದಯ ಮುಟ್ಟುವ ಮೊದಲೇ ಕರಗಿಹೋಗಬಾರದು ಅಂತ ಹಿಂದೆಯೇ 20 ಎಂಎಲ್ ಸಲೈನ್ ಜೋರಾಗಿ ಹೊಡೆಯಬೇಕು. ಥ್ರೀ-ವೇಗೆ (ಮೂರು ಬಾಯಿಯ ಸಣ್ಣ ನಲ್ಲಿ) ಎರಡು ಸಿರಿಂಜು ಸಿಕ್ಕಿಸಿ ಇಬ್ಬರು ನಿಲ್ಲುತ್ತೇವೆ. ನಿಜ ಹೇಳಬೇಕೆಂದರೆ ಅಂಥ ಹೊತ್ತಿಗೆ ಎರಡು ಕೋಣೆಯ ಸಿರಿಂಜು ಇದ್ದಿದ್ದರೆ ಅಂತ ನನಗೂ ಅನ್ನಿಸಿದೆ. ಔಷಧಿಯೂ 2-4 ಎಂಎಲ್ ಅಷ್ಟೇ. ನಿಮ್ಮ 20 ಎಂಎಲ್ ಕಥೆಗೆ ಅಲ್ಲ.

ಹನುಮಂತನಗರ, ಅಮ್ಮನಿಗೆ 4 ವಾರ ಕೊಟ್ಟ ಮಗ

ನನಗೆ ಮೆಷೀನ್ ವಿಷಯ ಗೊತ್ತಿಲ್ಲ, ಅಡುಗೆಮನೆ ವಿಷಯ ಹೇಳುತ್ತೇನೆ.

ನಾನು ಮಾಡಿದ ಮೊದಲ ತಪ್ಪು: ಸಲೈನ್ ಅಂದುಕೊಂಡು ಡಿಸ್ಟಿಲ್ಡ್ ವಾಟರ್ ಎಳೆದುಕೊಂಡಿದ್ದೆ. ಎರಡೂ 10 ಎಂಎಲ್ ಪ್ಲಾಸ್ಟಿಕ್ ಆಂಪ್ಯೂಲ್, ಒಂದೇ ಡಬ್ಬದಲ್ಲಿ ಹಾಕಿಟ್ಟಿದ್ದೆ. ಪುಡಿ ಕರಗಿಸಲು ವಾಟರ್, ತೊಳೆಯಲು ಸಲೈನ್. ಪುಣ್ಯಕ್ಕೆ ಹೆಂಡತಿ ನೋಡಿದಳು. ಅವತ್ತಿನಿಂದ ವಾಟರ್ ಫ್ರಿಜ್ಜಿನ ಮೇಲೆ, ಸಲೈನ್ ದೇವರಮನೆ ಪಕ್ಕದ ಶೆಲ್ಫಿನಲ್ಲಿ. ಒಂದೇ ಜಾಗದಲ್ಲಿ ಇಡಲೇಬಾರದು.

ಎರಡನೆಯದು, ನಾನು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದೆ. ಅದು ಬಿಟ್ಟುಬಿಡಿ. ಕೈ ತೊಳೆದು, ಮೂರನ್ನೂ ಮೊದಲೇ ತುಂಬಿ, ಗುಳ್ಳೆ ತೆಗೆದು, ಮುಚ್ಚಳ ಹಾಕಿ, ಒಂದು ಸ್ಟೀಲ್ ತಟ್ಟೆಯಲ್ಲಿ ಎಡದಿಂದ ಬಲಕ್ಕೆ ಇಡಿ. ಬಿಳಿ ಟೇಪಿನಲ್ಲಿ 1, 2, 3 ಬರೆದು ಅಂಟಿಸಿ. ಖಾಲಿಯಾದದ್ದು ತಟ್ಟೆಗೆ ವಾಪಸ್ ಬರಬಾರದು, ಬೇರೆ ಡಬ್ಬಕ್ಕೆ. ಕರೆಂಟ್ ಹೋಗಲಿ, ಮಗು ಅಳಲಿ, ತಟ್ಟೆಯಲ್ಲಿ ಒಂದು ಸಿರಿಂಜು ಉಳಿದಿದ್ದರೆ ಕೆಲಸ ಮುಗಿದಿಲ್ಲ. ಲೈನಿನ ಮೂತಿಯನ್ನು ಸ್ಪಿರಿಟ್ ಸ್ವ್ಯಾಬಿನಿಂದ 15 ಸೆಕೆಂಡ್ ಉಜ್ಜಿ ಒಣಗಲು ಬಿಡುವುದನ್ನು ಪ್ರತಿ ಸಿರಿಂಜಿಗೂ ಮಾಡಿ. ಬೇಜಾರಿನ ಕೆಲಸ, ಆದರೂ ಮಾಡಿ.

ಮೂರನೆಯದೇ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು. ಎಣಿಸುವ ಕೆಲಸ ಅಮ್ಮನಿಗೇ ಕೊಟ್ಟೆವು. ಸುಮ್ನೆ ತೋಳು ಚಾಚಿಕೊಂಡು ಕೂತು ಅವರಿಗೂ ಸಾಕಾಗಿತ್ತು. ‘ಒಂದಾಯ್ತು, ಎರಡಾಯ್ತು’ ಅಂತ ಅವರೇ ಜೋರಾಗಿ ಹೇಳುತ್ತಿದ್ದರು. ನಾಲ್ಕು ವಾರದಲ್ಲಿ ಒಂದು ದಿನವೂ ತಪ್ಪಲಿಲ್ಲ.

ರಾಜಾಜಿನಗರ, ನಿವೃತ್ತ ನರ್ಸ್

ಈ ಮಗ ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. 100 ಎಂಎಲ್ ಸಲೈನ್ ಬಾಟಲಿ ತೆರೆದಿಟ್ಟು ನಾಲ್ಕು ದಿನ ಎಳೆದುಕೊಳ್ಳುವವರಿದ್ದಾರೆ, ಉಳಿತಾಯ ಅಂತ. ಬೇಡಮ್ಮ. ಒಂದು ಸಲಕ್ಕೆ ಒಂದು ಆಂಪ್ಯೂಲ್, ಉಳಿದದ್ದು ಸಿಂಕಿಗೆ.

ಜಯನಗರ

ಸೂಜಿಗಳ ವಿಷಯ ಯಾರೂ ಹೇಳಲಿಲ್ಲ. ಕಸದ ಗಾಡಿಗೆ ಹಸಿ ಕಸದ ಜೊತೆ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ನಾವು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಸೇರಿಸಿಟ್ಟು, ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ದಿನಾ ಬರುವ ಸಿಸ್ಟರ್ ಕೈಯಲ್ಲಿ ಅವರ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಮೊದಲೇ ಕೇಳಿಕೊಂಡರೆ ಒಪ್ಪುತ್ತಾರೆ.

ವಿಜಯನಗರದಿಂದ, ಮೂರು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ಕೋಣೆಯ ಸಿರಿಂಜು ಹುಡುಕುವುದು ಬಿಟ್ಟೆ. ತುಂಬಿ ಬರುವ ಸಲೈನ್ ಸಿರಿಂಜನ್ನು ಮೆಡಿಕಲ್ ಸ್ಟೋರಿನವರು ಎರಡೇ ದಿನದಲ್ಲಿ ತರಿಸಿಕೊಟ್ಟರು. ಬಳಸಬಹುದಾ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ, ಆಗಲಿ ಅಂದರು. ತಟ್ಟೆ ಬಂತು, ಟೇಪ್ ಬಂತು, ವಾಟರ್ ಆಂಪ್ಯೂಲ್‌ಗಳು ಅಟ್ಟದ ಮೇಲೆ ಹೋದವು.

ಎಣಿಸುವ ಕೆಲಸವನ್ನು ಅಪ್ಪನಿಗೆ ಒಪ್ಪಿಸಿದೆ. ಅವರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ನಿನ್ನೆ ರಾತ್ರಿ ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಹಳೆ ಡೈರಿ ಇಟ್ಟುಕೊಂಡು, ಪ್ರತಿ ಸಿರಿಂಜಿಗೂ ಟಿಕ್ ಹಾಕಿದರು. ‘ಮೂರನೇದು ಎಲ್ಲಿ?’ ಅಂತ ಕೇಳಿದಾಗ ನಾನು ಇನ್ನೂ ಎರಡನೆಯದರ ಅರ್ಧದಲ್ಲಿದ್ದೆ.