ಭಾನುವಾರ ಸಹಸ್ರಲಿಂಗಕ್ಕೆ: ಮನೆ ಗ್ರೂಪಿನ ಚರ್ಚೆ

ಬೆಂಗಳೂರು ಮಾವ: (ಫಾರ್ವರ್ಡ್ ಆದ ವಿಡಿಯೋ) "ಮಳೆಗಾಲದಲ್ಲಿ ನೋಡಲೇಬೇಕಾದ ಶಿರಸಿ ಹತ್ತಿರದ ಸಹಸ್ರಲಿಂಗ! ಶಾಲ್ಮಲಾ ನದಿಯ ಬಂಡೆಗಳಲ್ಲಿ ಕೆತ್ತಿದ ಕದಂಬರ ಕಾಲದ ಲಿಂಗಗಳಿಗೆ ನದಿಯೇ ಅಭಿಷೇಕ!"
ಈ ಭಾನುವಾರ ಆಯಿಯನ್ನು (ಅಮ್ಮನನ್ನು) ಕರೆದುಕೊಂಡು ಹೊರಟಿದ್ದೇನೆ. ಯಾರು ಬರುತ್ತೀರಿ?

ಹುಲೇಕಲ್ ಅತ್ತೆ: ಬೇಡ. ಈಗ ಬೇಡ.

ಬೆಂಗಳೂರು ಮಾವ: ಯಾಕೆ? ವಿಡಿಯೋದಲ್ಲಿ ಎಷ್ಟು ಚೆನ್ನಾಗಿದೆ ನೋಡು.

ಹುಲೇಕಲ್ ಅತ್ತೆ: ಅದು ಬೇಸಿಗೆಯದ್ದು. ಬಂಡೆ ಎಷ್ಟು ಒಣಗಿದೆ ನೋಡು. ಈಗ ಲಿಂಗ, ಬಸವ ಎಲ್ಲ ಶಾಲ್ಮಲೆಯ ಹೊಟ್ಟೆಯಲ್ಲಿವೆ. ಕೆಂಪು ನೀರು ಬಿಟ್ಟರೆ ಏನೂ ಕಾಣುವುದಿಲ್ಲ.

ಹುಬ್ಬಳ್ಳಿ ಭಾವ: ಕದಂಬರ ಕಾಲದ್ದೂ ಅಲ್ಲ. ಸೋದೆ ಅರಸ ಸದಾಶಿವರಾಯ ಕೆತ್ತಿಸಿದ್ದು. ಅವನು ಆಳಿದ್ದು 1678ರಿಂದ 1718. ಬನವಾಸಿ ಕದಂಬರಿಗೂ ಅವನಿಗೂ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ.

ಬೆಂಗಳೂರು ಮಾವ: ಯಾರು ಕೆತ್ತಿಸಿದರೇನು, ಆಯಿಗೆ ದರ್ಶನ ಆಗಬೇಕು. ತೂಗುಸೇತುವೆ ಮೇಲೆ ನಿಂತು ಕೈ ಮುಗಿದು ಬರುತ್ತೇವೆ. ನೀರಿಗೆ ಇಳಿಯುವುದಿಲ್ಲ, ಸಾಕಾ?

ಹುಲೇಕಲ್ ಅತ್ತೆ: ಮಕ್ಕಳೂ ಬರುತ್ತಾರೆ ಅಲ್ವಾ? ಕಾಲಿಟ್ಟ ಕಡೆಯೆಲ್ಲ ಪಾಚಿ. ಮೇಲೆ ಎಲ್ಲೋ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ನಾನು ಹುಟ್ಟಿ ಬೆಳೆದ ತೋಟಕ್ಕೇ ಈ ಆಷಾಢದಲ್ಲಿ ಕೋಲು ಹಿಡಿದು ಹೋಗುತ್ತೇನೆ. ಬೇರೆ ಗುಡಿಯಲ್ಲಿ ಬಾಗಿಲು ಹಾಕಿದ್ದರೆ ವಾಪಸ್ ಬರುತ್ತೇವೆ. ಇಲ್ಲಿ ಬಾಗಿಲು ಹಾಕುವುದು ಹೊಳೆ.

ಅಂಕೋಲಾ ಚಿಕ್ಕಮ್ಮ: ಇದೇ ಶಾಲ್ಮಲೆ ಬೇಡ್ತಿ ಸೇರಿ ನಮ್ಮ ಕಡೆ ಗಂಗಾವಳಿಯಾಗಿ ಬರುವುದು. 2024ರ ಜುಲೈ 16 ಮರೆತಿರಾ? ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಹೊಳೆಗೆ ಬಿತ್ತು. ಅದರ ಜೊತೆ ಹೊಳೆಗೆ ಹೋದ ಲಾರಿ ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ ಬಂತು. ಮಳೆಗಾಲದ ಹೊಳೆ ಅಂದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಬೆಂಗಳೂರು ಮಾವ: ಅದು ಗುಡ್ಡ ಜರಿದದ್ದು. ಎರಡನ್ನೂ ಸೇರಿಸಬೇಡಿ. ನನ್ನ ಮಾತೂ ಕೇಳಿ. ಆಯಿಗೆ ಎಂಬತ್ತೆರಡು. ಹೋದ ತಿಂಗಳು ಮೂರು ಸಲ ಕೇಳಿದ್ದಾಳೆ. ಬೇಸಿಗೆಯವರೆಗೆ ಕಾಯಿರಿ ಅನ್ನುವುದು ಸುಲಭ. ಅಷ್ಟು ಹೊತ್ತಿಗೆ ಅವಳ ಮಂಡಿ ಹೇಗಿರುತ್ತದೋ.

ಹುಲೇಕಲ್ ಅತ್ತೆ: ನನಗೂ ಅವಳು ಆಯಿಯೇ.

ಹುಬ್ಬಳ್ಳಿ ಭಾವ: ಹಾಗಾದರೆ ಬನವಾಸಿಗೆ ಹೋಗಿ. ವರದೆಯ ದಂಡೆ, ಮಧುಕೇಶ್ವರನ ಗುಡಿ. ಕಲ್ಲಿನ ಮಂಟಪ ಇದೆ, ಮಳೆ ಬಂದರೂ ಆಯಿ ಕೂತು ನೋಡಬಹುದು.

ಬೆಂಗಳೂರು ತಂಗಿ: ಅಜ್ಜಿ ಹೇಳುತ್ತಿದ್ದಾಳೆ, ನಾನು ಟೈಪ್ ಮಾಡುತ್ತಿದ್ದೇನೆ. "ಸೇತುವೆಯಿಂದ ನೋಡಲಿಕ್ಕೆ ನಾನು ಕೇಳಿದ್ದಲ್ಲ. ಮದುವೆಯಾದ ವರ್ಷ ಶಿವರಾತ್ರಿಗೆ ಹೋಗಿದ್ದೆ. ಹೊಳೆ ನಡುವೆ ಒಂದು ಲಿಂಗದ ಹತ್ತಿರ ಕೂತು ನಾನೇ ನೀರು ಹಾಕಿದೆ, ನಾನೇ ಬಿಲ್ವ ಇಟ್ಟೆ. ನಮ್ಮೂರ ಗುಡಿಯಲ್ಲಿ ನಾವು ಹೊಸ್ತಿಲಿನ ಈಚೆಗೇ. ಇನ್ನೊಂದು ಸಲ ಹಾಗೆ ಕೈಯಾರೆ ನೀರು ಹಾಕಬೇಕು, ಅಷ್ಟೇ."

ಬೆಂಗಳೂರು ಮಾವ: ಇದನ್ನು ನನಗೆ ಹೇಳಿರಲೇ ಇಲ್ಲ.

ಹುಲೇಕಲ್ ಅತ್ತೆ: ಡಿಸೆಂಬರ್ ಕಳೆಯಲಿ, ನೀರು ಇಳಿದಿರುತ್ತದೆ. ಶಿವರಾತ್ರಿ ಗದ್ದಲದಲ್ಲಿ ಬೇಡ, ಅದಕ್ಕಿಂತ ಮೊದಲೇ ಒಂದು ಸೋಮವಾರ ಬನ್ನಿ. ದಂಡೆಗೆ ಹತ್ತಿರದ ಲಿಂಗವೊಂದನ್ನು ನಾನು ನೋಡಿ ಇಟ್ಟಿರುತ್ತೇನೆ. ಇಳಿಯುವಾಗ ಆಯಿಯ ಒಂದು ಕೈ ನಾನು ಹಿಡಿಯುತ್ತೇನೆ, ಇನ್ನೊಂದು ನೀನು.

ಬೆಂಗಳೂರು ಮಾವ: ಆಯಿತು. ವಿಡಿಯೋ ಡಿಲೀಟ್ ಮಾಡಿದೆ. ಈ ಭಾನುವಾರ ಬನವಾಸಿ. ಲಿಂಗಕ್ಕೆ ನೀರು ಹಾಕಲು ಯಾವ ಚಂಬು ಅಂತ ಆಯಿ ಈಗಲೇ ಕೇಳುತ್ತಿದ್ದಾಳೆ.

ಹುಲೇಕಲ್ ಅತ್ತೆ: ಅವಳ ಹಳೇ ತಾಮ್ರದ ಚಂಬು ನಮ್ಮನೆಯಲ್ಲೇ ಇದೆ ಅಂತ ಹೇಳು.